ಮೂವತ್ತೊಂದು ಸಂಚಿಕೆಗಳಿಂದ ಪೆಟ್ಟಿಗೆಯೊಳಗಿರುವ ತಮ್ಮ ನಾಯಕನ ಕುರಿತು

ಟೆಲಿವಿಷನ್ ವಾಹಿನಿಯ ‘ವೀಕ್ಷಕರ ಅಭಿಪ್ರಾಯ’ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ಸಂಜೆ ಏಳಕ್ಕೆ ಸರಿಯಾಗಿ ನಮ್ಮ ಮನೆಯೊಳಗೆ ಬಂದು ಏಳೂವರೆಯವರೆಗೆ ಏನೂ ನಡೆಯದಂತೆ ಎಚ್ಚರಿಕೆಯಿಂದ ನೋಡಿಕೊಳ್ಳುವ ತಮ್ಮ ಕಥೆಗಾರರಿಗೂ ಒಬ್ಬ ಬೀಗ ರಿಪೇರಿಯವನ ಗೌರವಪೂರ್ವಕ ವಂದನೆಗಳು. ಯಾವ ಸಂಕೋಲೆಯಿಂದಲೂ ಕಳಚಿಕೊಂಡು ಬರಬಲ್ಲ ಜಗತ್ಪ್ರಸಿದ್ಧ ಕಲಾವಿದನೊಬ್ಬನ ಜೀವನವನ್ನು ಕುರಿತ ತಮ್ಮ ಧಾರಾವಾಹಿ ನೂರಾ ಒಂದು ಸಂಚಿಕೆಗಳನ್ನು ಪೂರೈಸಿದ್ದಕ್ಕೆ ಅಭಿನಂದನೆಗಳು. ಅದರಲ್ಲಿ ಕಡೆಯ ಮೂವತ್ತೊಂದನ್ನು ಅವನು ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಕಳೆದಿರುವುದರಿಂದ, ಈ ಅಭಿನಂದನೆಯಲ್ಲಿ ಅವನ ಪಾಲನ್ನು ಅವನಿಗೆ ತಲುಪಿಸಬೇಕೆಂದು ಕೋರುತ್ತೇನೆ. ಆ ಪೆಟ್ಟಿಗೆಯಲ್ಲಿ ಕಾಗದ ತೂರಿಸುವಷ್ಟೂ ಸಂದಿಯಿಲ್ಲ ಎಂಬುದು ನನಗೆ ಗೊತ್ತಿದೆ. ಅದು ನನಗೆ ಹೇಗೆ ಗೊತ್ತು ಎಂಬುದೇ ಈ ಪತ್ರದ ವಿಷಯ.

ರಸ್ತೆಗೆ ಮುಖಮಾಡಿದ ಒಂದು ಕೋಣೆಯಲ್ಲಿ ನನ್ನ ಅಂಗಡಿ, ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ನಾವೆಂದರೆ ನಾನು ಮತ್ತು ನನ್ನ ಸೋದರತ್ತೆ. ಬೀಗದ ಕೆಲಸವನ್ನು ನನಗೆ ಕಲಿಸಿದವರು ಅವರೇ. ಕೀಲಿಯ ಹಲ್ಲನ್ನು ಅರದಿಂದ ಉಜ್ಜುವಾಗ ಬರುವ ಸದ್ದಿನಿಂದಲೇ ಎಲ್ಲಿ ಜಾಸ್ತಿ ತಿಂದಿತು ಎಂದು ಒಳಗಿನ ಕೋಣೆಯಿಂದ ಹೇಳಬಲ್ಲವರು. ಕಳೆದ ವರ್ಷ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಇನ್ನು ವಾಕರ್ ಹಿಡಿದು ನಡೆಯುವುದೊಂದೇ ಬಾಕಿ ಎಂದು ಡಾಕ್ಟರು ಹೇಳಿದರು. ಆ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡುತ್ತೇನೆಂದು ಅತ್ತೆ ಹೇಳಿದರು. ಮಂಚದ ಪಕ್ಕದಲ್ಲಿ ವಾಕರ್ ಟವೆಲು ಒಣಹಾಕುವ ಕೆಲಸಕ್ಕೆ ಸೇರಿಕೊಂಡಿತು.

ಈ ಹಂತದಲ್ಲಿ ತಮ್ಮ ಧಾರಾವಾಹಿ ಮಾಡಿದ ಉಪಕಾರವನ್ನು ಮರೆತರೆ ನನಗೆ ಒಳ್ಳೆಯದಾಗುವುದಿಲ್ಲ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಯ ಹೆಣ್ಣುಮಗಳು ಒಂದು ಸಂಜೆ ತಡವಾಗಿ ಬಂದಾಗ, ನಾಯಕ ಅಂಚೆಯ ಗೋಣಿಚೀಲದೊಳಗೆ ಒದ್ದಾಡುತ್ತಿದ್ದುದನ್ನೂ, ಹೊದಿಕೆಯ ಕೆಳಗೆ ಅತ್ತೆಯ ಕಾಲು ಅವನಿಗಿಂತ ಚುರುಕಾಗಿ ಒದ್ದಾಡುತ್ತಿದ್ದುದನ್ನೂ ಕಂಡರು. ಅಲ್ಲೇ ಒಂದು ಕರಾರಾಯಿತು: ಅವನು ಬಂಧನದಲ್ಲಿರುವಷ್ಟು ಹೊತ್ತು ಅತ್ತೆ ಮಲಗಿಯೇ ಕಾಲು ಎತ್ತಿ ಇಳಿಸಬೇಕು, ಅವನು ಹೊರಗೆ ಬಂದ ಕ್ಷಣ ಎದ್ದು ನಡೆಯಬೇಕು. ಆಗ ಅವನು ವಾರಕ್ಕೆ ಎರಡು ಸಲ ಹೊರಗೆ ಬರುತ್ತಿದ್ದ. ಹಾಲಿನ ಕ್ಯಾನಿನಿಂದ ಬಂದ ದಿನ ಅತ್ತೆ ಎದ್ದು ನಿಂತರು. ಜೈಲಿನಿಂದ ಬಂದ ದಿನ ಎರಡು ಹೆಜ್ಜೆ. ಸೇತುವೆಯ ಕೆಳಗಿನ ಹಿಮಗಟ್ಟಿದ ಹೊಳೆಯಿಂದ ಬಂದ ದಿನ ಬಾಗಿಲ ತನಕ ಹೋಗಿ, ‘ಈ ಪುಣ್ಯಾತ್ಮ ಹೀಗೇ ತಪ್ಪಿಸ್ಕೊಳ್ತಾ ಇದ್ರೆ ನಾನು ಇನ್ನೊಂದು ತಿಂಗಳಲ್ಲಿ ಅಂಗಡಿಗೆ ಬರ್ತೀನಿ ಕಣೋ’ ಎಂದರು.

ಐವತ್ತೆಂಟನೆಯ ಸಂಚಿಕೆಯಲ್ಲಿ ಅವನನ್ನು ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕಿದರು. ಕ್ಯಾಮೆರಾ ಬೀಗದ ಹತ್ತಿರ ಹೋಯಿತು. ದುರದೃಷ್ಟವಶಾತ್ ನಾನೂ ಟಿವಿಯ ಹತ್ತಿರ ಹೋದೆ. ಅದು ಆಫೀಸಿನ ಮೇಜಿನ ಡ್ರಾಯರಿಗೆ ಹಾಕುವ ಬೀಗವಾಗಿತ್ತು. ಮರುದಿನವೇ ಅವನು ಹೊರಗೆ ಬಂದ. ಮಾನ್ಯರೇ, ಎಂಥ ಸಜ್ಜನನಿಗೂ ಒಂದು ಚಟವಿರುತ್ತದೆ. ನಮ್ಮ ಕಸುಬಿನವರಿಗೆ ಇರುವುದು ಇದು: ಗಿರಾಕಿ ಕೇಳಲಿ ಬಿಡಲಿ, ಅವನ ಬೀಗ ಕಳ್ಳನೆದುರು ಎಷ್ಟು ನಿಮಿಷ ತಾಳುತ್ತದೆಂದು ಮೊದಲು ಹೇಳಿಬಿಡುವುದು. ಪರದೆಯ ಕೆಳಗೆ ‘ನಿಮ್ಮ ಅಭಿಪ್ರಾಯವೇ ನಮಗೆ ದಾರಿದೀಪ’ ಎಂಬ ಸಾಲು ಓಡುತ್ತಿತ್ತು. ನಾನು ನಾಲ್ಕು ಪುಟಗಳ ದಾರಿದೀಪವನ್ನು ಬರೆದೆ. ಈ ಬೀಗ ಕಳ್ಳನೆದುರು ನಲವತ್ತು ಸೆಕೆಂಡು ತಾಳುವುದಿಲ್ಲ, ಜಗತ್ಪ್ರಸಿದ್ಧ ಕಲಾವಿದನಿಗೆ ಇದು ಅವಮಾನ, ಇಂಥ ಪೆಟ್ಟಿಗೆಗೆ ಏಳು ಲಿವರಿನ ಬೀಗ ಬೇಕು, ಮುಚ್ಚಳದ ಅಂಚನ್ನು ಹೀಗೆ ಮಡಿಸಬೇಕು, ಕೀಲುಗಳನ್ನು ಹೀಗೆ ಹೂಳಬೇಕು ಎಂದು ಅಳತೆಗಳ ಸಮೇತ ಚಿತ್ರವನ್ನೂ ಬರೆದು ಕಳಿಸಿದೆ.

ಅಭಿಪ್ರಾಯಗಳನ್ನು ಯಾರೂ ಓದುವುದಿಲ್ಲ ಎಂಬ ಸರ್ವಸಾಮಾನ್ಯ ನಂಬಿಕೆಯ ಮೇಲೆ ಮನುಷ್ಯ ಎಷ್ಟೋ ಮಾತುಗಳನ್ನು ಆಡುತ್ತಾನೆ. ತಾವು ಓದಿದಿರಿ. ಎಪ್ಪತ್ತೊಂದನೆಯ ಸಂಚಿಕೆಯಲ್ಲಿ ನಾಯಕನನ್ನು ಇಳಿಸಿದ ಹೊಸ ಪೆಟ್ಟಿಗೆ ನನ್ನ ಚಿತ್ರದಿಂದ ಎದ್ದು ಬಂದಂತಿತ್ತು. ಏಳು ಲಿವರು, ಮಡಿಸಿದ ಅಂಚು, ಹೂತ ಕೀಲು, ಕೊನೆಗೆ ನಾನು ಪೆನ್ನು ಜಾರಿ ಎಳೆದಿದ್ದ ಒಂದು ಅನವಶ್ಯಕ ಗೆರೆ ಕೂಡ ಕಬ್ಬಿಣದಲ್ಲಿ ಮೂಡಿತ್ತು. ‘ಬೀಗದ ಸಲಹೆ: ಓರ್ವ ವೀಕ್ಷಕ’ ಎಂದು ಕೊನೆಯಲ್ಲಿ ತೋರಿಸುವ ದೊಡ್ಡತನವನ್ನೂ ತೋರಿದಿರಿ. ನಾನು ಎದೆಯುಬ್ಬಿಸಿ ಅತ್ತೆಯ ಕಡೆ ತಿರುಗಿದೆ. ಅತ್ತೆಯ ಕಾಲು ಅರ್ಧ ಎತ್ತಿದಲ್ಲೇ ನಿಂತಿತ್ತು.

‘ಇದನ್ನ ಹೇಳ್ಕೊಟ್ಟೋನು ನೀನಾ?’ ಎಂದು ಕೇಳಿದರು. ಹೌದೆಂದೆ. ‘ಡ್ರಾಯರ್ ಬೀಗಕ್ಕೆ ಒಳಗಡೆ ಎರಡು ತಿರುಪು ಇರುತ್ತೆ. ಒಳಗಿರೋನು ಒಂದು ನಾಣ್ಯದಲ್ಲಿ ಬಿಚ್ಚಬಹುದು. ಅದಕ್ಕೇ ಅದನ್ನ ಹಾಕಿದ್ರು. ನೀನು ಹೊರಗೆ ನಿಂತು ನೋಡ್ದೆ. ಅವನು ಒಳಗಿದಾನೆ ಕಣೋ.’

ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವನಿಗೆ ಬೀಗಕ್ಕೆ ಇನ್ನೊಂದು ಮಗ್ಗುಲೂ ಇದೆಯೆಂಬುದು ಹೊಳೆದಿರಲಿಲ್ಲ. ಬರುವವನನ್ನು ತಡೆಯುವುದೇ ನಮ್ಮ ಅನ್ನ. ಹೋಗುವವನ ಬಗ್ಗೆ ಯಾವ ಗಿರಾಕಿಯೂ ನಮ್ಮನ್ನು ಕೇಳುವುದಿಲ್ಲ.

ಅಂದಿನಿಂದ ತಾವು ತೋರಿಸುತ್ತಿರುವ ಸಂಯಮ ಅಸಾಧಾರಣವಾದುದು. ನಾಯಕ ಪೆಟ್ಟಿಗೆಯಲ್ಲಿದ್ದಾನೆ. ಅವನ ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹದಿನಾಲ್ಕು ಸಂಚಿಕೆ ಅತ್ತಳು. ತನ್ನ ತಮ್ಮನಿಗೆ ಹೆಣ್ಣು ನೋಡಲು ಹೋಗಿ ಬಂದು ಮತ್ತೆ ಅಳು ಮುಂದುವರಿಸಿದಳು. ಅವನ ಬಾಲ್ಯವನ್ನು ನಾವು ಮೂರು ಸಲ ನೋಡಿದೆವು, ಎರಡನೆಯ ಸಲ ಬೇರೆ ಹುಡುಗನ ಮುಖದಲ್ಲಿ. ಪೆಟ್ಟಿಗೆಯೊಳಗಿನ ಗಾಳಿ ಎಷ್ಟು ಹೊತ್ತು ಸಾಲುತ್ತದೆಂದು ನಾನು ಲೆಕ್ಕ ಹಾಕಿದ್ದೇನೆ, ಆದರೆ ಒಮ್ಮೆ ಅಭಿಪ್ರಾಯ ಬರೆದು ಕೆಟ್ಟವನಾದ್ದರಿಂದ ಅದನ್ನು ತಮಗೆ ತಿಳಿಸುವುದಿಲ್ಲ.

ಭಾನುವಾರದ ಅಭಿಪ್ರಾಯ ಕಾರ್ಯಕ್ರಮವನ್ನೂ ತಪ್ಪದೆ ನೋಡುತ್ತೇನೆ. ದರ್ಜಿಯೊಬ್ಬರು, ನಾಯಕ ಒಳಗಿರುವಷ್ಟು ದಿನ ಅವನ ಅಂಗಿಯ ಕಾಲರು ಗರಿಗರಿಯಾಗಿಯೇ ಇರುವುದು ಬಟ್ಟೆಯ ಗುಣವನ್ನು ತೋರಿಸುತ್ತದೆಂದು ಮೆಚ್ಚಿಕೊಂಡರು. ನಿವೃತ್ತ ಮೇಷ್ಟ್ರೊಬ್ಬರು, ಹಿರಿಯರ ಮಾತು ಮೀರಿದವನು ಇನ್ನಷ್ಟು ದಿನ ಒಳಗಿದ್ದರೆ ಮಕ್ಕಳಿಗೆ ಪಾಠವಾಗುತ್ತದೆಂದರು. ಬೀಗ ಈಗ ಬಹಳ ಸಹಜವಾಗಿದೆ ಎಂದು ನೂರಕ್ಕೆ ಎಪ್ಪತ್ತು ಮಂದಿ ಒಪ್ಪಿದ್ದಾರಂತೆ. ಸಹಜವಾಗಿಯೇ ಇದೆ, ಮಾನ್ಯರೇ. ಸಹಜವಾದ ಬೀಗ ತೆರೆಯುವುದಿಲ್ಲ.

ಅತ್ತೆಯೂ ಏಳುವುದಿಲ್ಲ. ‘ಅವನು ಹೊರಗೆ ಬರ್ಲಿ, ಎದ್ದೇಳ್ತೀನಿ. ಮಾತು ಅಂದ್ರೆ ಮಾತು’ ಎಂದು ಗೋಡೆಯ ಕಡೆ ತಿರುಗುತ್ತಾರೆ. ಮೊದಲೆರಡು ವಾರ ಕಾಲನ್ನಾದರೂ ಎತ್ತುತ್ತಿದ್ದರು. ಅವನೇ ಕೈ ಕಟ್ಟಿ ಕೂತ ಮೇಲೆ ಅದೂ ನಿಂತಿತು. ಮೊನ್ನೆ ಫಿಸಿಯೋಥೆರಪಿಯವರು ನನ್ನನ್ನು ಅಂಗಡಿಯ ಹೊರಗೆ ಕರೆದು, ‘ತೊಡೆ ಬಡವಾಗ್ತಿದೆ ಅಣ್ಣಾ. ಇನ್ನೊಂದು ತಿಂಗಳು ಹೀಗೇ ಮಲಗಿದ್ರೆ ಆಮೇಲೆ ಅವರೇ ಏಳ್ಬೇಕು ಅಂದ್ರೂ ಆಗಲ್ಲ’ ಎಂದರು. ತಮ್ಮ ವಾಹಿನಿಯ ಮುನ್ನೋಟದ ಪ್ರಕಾರ ಮುಂದಿನ ತಿಂಗಳು ನಾಯಕನ ಅಜ್ಜನ ಬಾಲ್ಯ ಆರಂಭವಾಗಲಿದೆ.

ಆದ್ದರಿಂದ ನನ್ನ ಹಿಂದಿನ ಅಭಿಪ್ರಾಯವನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ. ಡ್ರಾಯರಿನ ಬೀಗ ಶ್ರೇಷ್ಠವಾದ ಬೀಗ. ಅದನ್ನು ಅರಮನೆಗಳಿಗೂ ಖಜಾನೆಗಳಿಗೂ ಹಾಕಬಹುದೆಂದು ಬರೆದುಕೊಡಲು ಸಿದ್ಧನಿದ್ದೇನೆ. ದಯವಿಟ್ಟು ಅದನ್ನೇ ಹಾಕಿ ಅವನನ್ನು ಬಿಡಿ. ಅದಾಗದಿದ್ದರೆ ಪೆಟ್ಟಿಗೆಯನ್ನೇ ಒಳಗು ಹೊರಗು ಮಾಡಿ, ಅವನೊಬ್ಬನನ್ನು ಹೊರಗಿಟ್ಟು ಉಳಿದ ಪಾತ್ರಗಳನ್ನೆಲ್ಲ ಒಳಗಿಡಬಹುದು, ಕಥೆಗೆ ನಷ್ಟವಿಲ್ಲ. ಅಥವಾ ನನ್ನನ್ನೇ ಸೆಟ್ಟಿಗೆ ಕರೆಸಿಕೊಳ್ಳಿ. ಹೆಂಡತಿ ಅಳುತ್ತಿರುವಾಗ ಹಿಂದಿನಿಂದ ದಾರಿಹೋಕನಂತೆ ಬಂದು, ಹನ್ನೊಂದು ನಿಮಿಷದಲ್ಲಿ ಬೀಗ ತೆಗೆದು, ಮಾತಿಲ್ಲದೆ ಹೊರಟುಹೋಗುತ್ತೇನೆ. ಈ ವಿಚಾರ ಖುದ್ದಾಗಿ ಹೇಳಲು ಕಳೆದ ಗುರುವಾರ ತಮ್ಮ ಕಚೇರಿಗೂ ಬಂದಿದ್ದೆ. ಅಭಿಪ್ರಾಯ ವಿಭಾಗದ ಬಾಗಿಲಿಗೆ ಬೀಗ ಹಾಕಿತ್ತು. ಅದನ್ನು ತೆಗೆಯಲು ನನಗೆ ಎರಡು ನಿಮಿಷ ಸಾಕಿತ್ತು. ಕಸುಬಿನ ಮರ್ಯಾದೆಗಾಗಿ ಮೂರು ಗಂಟೆ ಹೊರಗೆ ಬೆಂಚಿನ ಮೇಲೆ ಕೂತು ವಾಪಸಾದೆ.

ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ಪತ್ರದ ಪರಿಣಾಮವನ್ನು ಕಂಡಿರುವುದರಿಂದ ಇದನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು, ಆದರೆ ಯಾವ ಕಾರಣಕ್ಕೂ ಸಲಹೆಯೆಂದು ಸ್ವೀಕರಿಸಬಾರದು.

ಇಂತು, ಒಂದೇ ಒಂದು ಸಲ ಅಭಿಪ್ರಾಯ ಹೇಳಿದ,
ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ನಿನ್ನೆಯ ಸಂಚಿಕೆ ಪ್ರಸಾರವಾಯಿತು. ಅದರಲ್ಲಿ ನಾಯಕ ಪೆಟ್ಟಿಗೆಯೊಳಗೆ ನಿದ್ದೆಹೋಗಿ, ತಾನು ಇನ್ನೂ ಚಿಕ್ಕ ಪೆಟ್ಟಿಗೆಯೊಳಗಿರುವಂತೆ ಕನಸು ಕಂಡ. ನಾನು ಅಂಗಡಿಯಲ್ಲಿ ಗಿರಾಕಿಯೊಂದಿಗಿದ್ದೆ. ಟಿವಿಯ ಸದ್ದು ನಿಂತಿತು. ವಾಕರಿನ ಸದ್ದು ಶುರುವಾಯಿತು. ಅತ್ತೆ ತಾವೇ ಎದ್ದು, ಹೋಗಿ ಪ್ಲಗ್ ಕಿತ್ತು, ಅಲ್ಲಿಂದ ಹದಿನೇಳು ಹೆಜ್ಜೆ ನಡೆದು ಅಂಗಡಿಗೆ ಬಂದು, ‘ಅವನನ್ನ ನಂಬ್ಕೊಂಡಿದ್ರೆ ನಾನೂ ಅಲ್ಲೇ ಕೊಳೀಬೇಕಿತ್ತು. ಸ್ಟೂಲ್ ಕೊಡೋ’ ಎಂದರು. ಸುದ್ದಿ ಕೇಳಿದ ಫಿಸಿಯೋಥೆರಪಿಯವರು, ಹಾಸಿಗೆ ಬಿಟ್ಟೇಳದ ಇನ್ನೂ ಆರು ರೋಗಿಗಳಿಗೆ ತಮ್ಮ ಧಾರಾವಾಹಿಯನ್ನು ಔಷಧಿಯಂತೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆದಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಕೈಬಿಡಬೇಕಾಗಿಯೂ, ಆ ಆರೂ ಮಂದಿ ಎದ್ದು ನಿಲ್ಲುವವರೆಗೆ ಕಥೆಯಲ್ಲಿ ಏನೂ ನಡೆಯದಂತೆ ಈಗಿನ ಗುಣಮಟ್ಟವನ್ನೇ ಕಾಪಾಡಿಕೊಂಡು ಬರಬೇಕಾಗಿಯೂ ವಿನಂತಿ.