ಕಾಕಾ ಹೇಳಿದ ಚೀನೀ ರಾಜರ ಕಥೆ

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. 2011 ಇರಬೇಕು, 2012 ಆದರೂ ಇರಬಹುದು. ನಮ್ಮ ಕಾಕಾ ಒಂದೇ ಚೀನೀ ಸಿನಿಮಾವನ್ನು ಹದಿನೈದು ಸಲ ನೋಡಿದರೋ, ಹದಿನೈದು ಸಿನಿಮಾಗಳನ್ನು ಒಂದೊಂದು ಸಲ ನೋಡಿದರೋ ಎಂಬುದರಲ್ಲೂ ನನಗೆ ಅನುಮಾನವಿದೆ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಚೀನೀ ಭಾಷೆಯ ಒಂದು ಶಬ್ದವೂ ಬಾರದೆ ಚೀನಾದ ರಾಜಮನೆತನದ ಒಳಗುಟ್ಟುಗಳನ್ನು ಇಷ್ಟು ಅಧಿಕಾರದಿಂದ ಹೇಳಬಲ್ಲ ಇನ್ನೊಬ್ಬ ಮನುಷ್ಯ ಟೊರಾಂಟೊ ಸುತ್ತಮುತ್ತ ಇರಲಿಲ್ಲ.

ಕಾಕಾ ನಮ್ಮ ತಂದೆಯ ತಮ್ಮ. ಧಾರವಾಡದವರು. ಇಲ್ಲಿಗೆ ಬಂದು ಮೂವತ್ತೈದು ವರ್ಷ ಸೇತುವೆಗಳ ನಕ್ಷೆ ಬರೆದು, ನಿವೃತ್ತರಾಗಿ ಥಾರ್ನ್‌ಹಿಲ್‌ನಲ್ಲಿ ನೆಲೆಸಿದ್ದರು. ನಿವೃತ್ತ ಎಂಜಿನಿಯರುಗಳು ಗಾಲ್ಫ್ ಆಡುತ್ತಾರೆ, ಇಲ್ಲವೇ ಕನ್ನಡ ಸಂಘದ ಚುನಾವಣೆಗೆ ನಿಲ್ಲುತ್ತಾರೆ. ಕಾಕಾ ಹಸಿಶುಂಠಿ ತರಲು ಚೀನೀ ಮಾಲ್‌ಗೆ ಹೋದವರು ಒಂದು ಡಿವಿಡಿ ತಂದರು. ಡಬ್ಬಿಯ ಮೇಲೆ ಬಿಳಿ ಕುದುರೆ, ಉರಿಯುವ ಕೋಟೆ, ಕಿರೀಟ. ಶುಂಠಿ ಮರೆತಿದ್ದರು.

"ಕಾಕಾ, ಇದಕ್ಕ ಇಂಗ್ಲಿಷ್ ಸಬ್‌ಟೈಟಲ್ ಇಲ್ಲಲ್ರೀ" ಎಂದೆ.

"ಯಾಕ ಬೇಕು? ಅಪ್ಪ ಸಾಯ್ತಾನ, ಮಕ್ಕಳು ಕುರ್ಚಿ ಸಲುವಾಗಿ ಬಡದಾಡ್ತಾರ. ಇದಕ್ಕ ಟ್ರಾನ್ಸ್‌ಲೇಷನ್ ಬ್ಯಾರೆ ಬೇಕೇನು?"

ಹಾಗೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಟಿವಿಯ ಪಕ್ಕ ರಿಮೋಟ್ ಹಿಡಿದು ನಿಂತು, ಇಡೀ ಸಿನಿಮಾವನ್ನು ಧಾರವಾಡದ ಕನ್ನಡಕ್ಕೆ ತರುತ್ತಿದ್ದರು. ರಾಜ ಎರಡು ನಿಮಿಷ ಗುಡುಗಿದರೆ ಕಾಕಾ "ಚಹಾ ತಾ ಅಂದ" ಎಂದು ಮುಗಿಸುತ್ತಿದ್ದರು. ಯಾವನೋ ಸೈನಿಕ 'ಹ್ಞಾಂ' ಎಂದರೆ ಸಿನಿಮಾ ನಿಲ್ಲಿಸಿ ಅವನ ಮನಸ್ಸಿನ ತಳಮಳವನ್ನು ಹತ್ತು ನಿಮಿಷ ವಿವರಿಸುತ್ತಿದ್ದರು. ಗಡ್ಡದ ಮಂತ್ರಿ ಬಂದಾಗಲೆಲ್ಲ ಹಲ್ಲು ಕಡಿಯುತ್ತಿದ್ದರು. "ಇಂವ ನಮ್ಮ ಹಳೇ ಆಫೀಸಿನ್ಯಾಗ ಇದ್ದಾ. ಹೆಸರಷ್ಟ ಬ್ಯಾರೆ."

ಯುದ್ಧ ನಡೆಯುವಾಗ ಯಾರೂ ಕುರುಕಲು ಚೂಡಾ ತಿನ್ನುವಂತಿಲ್ಲ, ಕುದುರೆಯ ಸಪ್ಪಳ ಕೇಳಿಸುವುದಿಲ್ಲವಂತೆ. ಸೈನಿಕರು ಕೋಟೆಗೆ ಏಣಿ ಹಾಕಿದಾಗ ಚಿತ್ರ ನಿಲ್ಲಿಸಿ, ಜಾಹೀರಾತಿನ ಫ್ಲಯರ್ ಒಂದರ ಹಿಂದೆ ಲೆಕ್ಕ ಗೀಚಿ, "ಎಂಟು ಮಂದಿ ಹತ್ತಿದ್ರ ಇದು ಮುರೀತದ" ಎಂದು ತೀರ್ಪು ಕೊಟ್ಟರು. ಮುಂದೆ ಹನ್ನೆರಡು ಮಂದಿ ಹತ್ತಿದರು. ಏಣಿ ಜಪ್ಪಯ್ಯ ಎನ್ನಲಿಲ್ಲ. ಕಾಕಾ ಫ್ಲಯರನ್ನು ಮಡಚಿ ಜೇಬಿಗಿಟ್ಟು, "ಬಿದಿರು. ನಾ ಬ್ಯಾರೆ ಕಟ್ಟಿಗಿ ಅಂತ ತಿಳದಿದ್ದೆ" ಎಂದರು.

ಇಲ್ಲಿಯೇ ಹುಟ್ಟಿದ ಅವರ ಮೊಮ್ಮಗಳು ಒಮ್ಮೆ ತಡೆಯಲಾರದೆ, "ಅಜ್ಜಾ, ದಟ್ಸ್ ನಾಟ್ ವಾಟ್ ಹಿ ಸೆಡ್" ಎಂದಳು.

"ನಿನಗ ಚೈನೀಸ್ ಬರ್ತದೇನು?"

"ನೋ."

"ನನಗೂ ಬರಂಗಿಲ್ಲ. ಇಬ್ಬರದೂ ಈಕ್ವಲ್. ಆದ್ರ ನಾ ಹಿರಿಯಾಂವ."

ಈಗ ನಮ್ಮ ಮನೆಯ ಪಟ್ಟದ ವಿಷಯ. ನಾನು ಮಾಲ್ಟನ್‌ನಲ್ಲಿ, ತಮ್ಮ ಅರೋರಾದಲ್ಲಿ. ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಎರಡು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಅರಸುಮಕ್ಕಳು ಪೀಠ ಬೇಕೆಂದು ಜಗಳಾಡಿದರೆ ನಾವು ಬೇಡವೆಂದು ಜಗಳಾಡಿದ್ದೆವು. ತಂದೆಯ ಶ್ರಾದ್ಧದ ಮಣೆ ಅದು. ವಿಶ್ವವಿದ್ಯಾಲಯದಲ್ಲಿ ನಾಲ್ಕು ಪುಸ್ತಕ ಓದಿದ್ದ ನಾನು, "ನನಗ ಇದರಾಗ ನಂಬಿಕಿ ಇಲ್ಲ, ನೀನ ಮಾಡು" ಎಂದೆ. "ಅಣ್ಣಾ, ನೀ ಇರೂವಾಗ ನಾ ಹೆಂಗ ಕೂಡ್ಲಿ?" ಎಂದ ಅವನು. ಆಮೇಲೆ ನಾನು ಇನ್ನೇನೋ ಅಂದೆ. ಏನೆಂದು ನನಗೆ ನೆನಪಿಲ್ಲ. ಅವನಿಗೆ ನೆನಪಿತ್ತು. ಎರಡು ವರ್ಷ ಯಾರ ಮನೆಯಲ್ಲೂ ಅಪ್ಪನಿಗೆ ಒಂದು ಎಲೆ ಹಾಕಲಿಲ್ಲ.

ಕಾಕಾ ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನಮಗೆ ಅಪ್ಪನಾದವನು ಅವರಿಗೆ ಅಣ್ಣ ಎಂಬುದು ನನಗೆ ಹೊಳೆದಿರಲೂ ಇಲ್ಲ.

ಮೂರನೆಯ ವರ್ಷದ ತಿಥಿಗೆ ಎರಡು ವಾರವಿದ್ದಾಗ ಕಾಕಾ ನನ್ನೊಬ್ಬನನ್ನೇ ಕರೆದರು. ಅವರ ಹೆಂಡತಿ ಕಾಕು ಚಹಾ ಕೊಟ್ಟು, "ಇವತ್ತ ಬರೇ ಕ್ಲೈಮ್ಯಾಕ್ಸ್ ಅಂತ, ಪುಣ್ಯ ನಿಂದು" ಎಂದು ಮೇಲೆ ಹೋದರು. ತೆರೆಯ ಮೇಲೆ ಹಿಮ. ಕವಚ ತೊಟ್ಟ ಇಬ್ಬರು ಎದುರುಬದುರು ನಿಂತಿದ್ದರು.

"ಇವರಿಬ್ಬರೂ ಅಣ್ಣತಮ್ಮಂದ್ರು" ಎಂದರು ಕಾಕಾ. ಒಬ್ಬ ಶಿರಸ್ತ್ರಾಣ ತೆಗೆದ. "ಇಂವ ಅಣ್ಣ."

"ಅಣ್ಣನ ಕೂದಲಾ ಪೂರಾ ಬೆಳ್ಳಗ ಅದಾವಲ್ರೀ?"

"ಓದಿ ಓದಿ. ಈಗ ಏನಂತಾನ ಕೇಳು. 'ತಮ್ಮಾ, ನನಗ ನಂಬಿಕಿ ಇಲ್ಲ, ನಿನಗ ಅದ. ನಿನ್ನ ಸಲುವಾಗಿ ಬಂದೇನಿ. ಅಪ್ಪನ ಹೆಸರಿಲೆ ಒಂದ ತಾಸು ಕೂತ್ರ ನನ್ನ ಗಂಟೇನ್ ಹೋಗ್ತದ?'"

ಅಷ್ಟು ಹೇಳಿ ಅವರು ರಿಮೋಟನ್ನು ಕೆಳಗಿಟ್ಟರು.

"ಮತ್ತ ಯುದ್ಧ?" ಎಂದೆ.

"ಯುದ್ಧ ಕ್ಯಾನ್ಸಲ್."

"ಹಿಂದ ಸಾವಿರ ಮಂದಿ ಬಡದಾಡ್ಲಿಕತ್ತಾರಲ್ರೀ?"

"ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ."

ಕಾಕಾ ಏನು ಮಾಡುತ್ತಿದ್ದಾರೆಂದು ತಿಳಿಯದಷ್ಟು ದಡ್ಡ ನಾನಲ್ಲ. ನನ್ನನ್ನು ಹೀಗೆ ಯಾರಾದರೂ ದಾರಿಗೆ ತರಲು ನೋಡಿದರೆ ನನಗೆ ಸಿಟ್ಟೂ ಬರುತ್ತದೆ. ಆದರೂ ದಾರಿಯಲ್ಲಿ ಒಂದು ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ತಮ್ಮನ ಮನೆಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಇಟ್ಟ ಕೂಡಲೇ ನನ್ನ ಫೋನೇ ಬಡಿದುಕೊಂಡಿತು.

"ಅಣ್ಣಾ, ಯಾರ ಜೋಡಿ ಹರಟಿ ಹೊಡೀಲಿಕತ್ತಿದ್ದಿ? ಆಗಿಂದ ಹಚ್ಚಲಿಕತ್ತೇನಿ."

ಅವನು ಹಿಂದಿನ ದಿನವೇ ಥಾರ್ನ್‌ಹಿಲ್‌ಗೆ ಹೋಗಿ ಬಂದಿದ್ದನಂತೆ. ಅದೇ ಹಿಮ, ಅದೇ ಶಿರಸ್ತ್ರಾಣ. ಆದರೆ ಅವನು ನೋಡಿದ ಸಿನಿಮಾದಲ್ಲಿ ಶಿರಸ್ತ್ರಾಣ ತೆಗೆದವನು ತಮ್ಮ. 'ಅಣ್ಣಾ, ನೀ ಮಂತ್ರ ಅನಬ್ಯಾಡ, ಬಾಜೂಕ ಕೂಡು ಸಾಕು' ಎಂದು ಕೇಳಿಕೊಂಡವನು ತಮ್ಮ.

"ಕೂದಲಾ ಯಾಕ ಬೆಳ್ಳಗ ಅಂತ ಕೇಳಲಿಲ್ಲೇನು?"

"ಕೇಳಿದೆ. 'ಅಣ್ಣನ ಕಾಟಕ್ಕ' ಅಂದ್ರು."

ಎರಡು ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ಆ ವರ್ಷ ಅರೋರಾದಲ್ಲಿ ತಿಥಿ ಆಯಿತು. ಎಳ್ಳುನೀರು ಯಾವ ಬೆರಳಿನ ಕಡೆಯಿಂದ ಬಿಡಬೇಕೆಂದು ತಮ್ಮ ಪಿಸುಗುಟ್ಟುತ್ತಿದ್ದ, ನಾನು ಬಿಡುತ್ತಿದ್ದೆ. ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಕಾಕಾ ಹಿಂದೆ ಕುರ್ಚಿಯ ಮೇಲೆ ಕೂತು, ತಮ್ಮ ಅಣ್ಣನ ಫೋಟೋ ನೋಡುತ್ತ, ಜೀವನದಲ್ಲಿ ಮೊದಲ ಸಲ ಯಾವುದಕ್ಕೂ ವ್ಯಾಖ್ಯಾನ ಮಾಡದೆ ಸುಮ್ಮನಿದ್ದರು.

ಮುಂದೆ ಎರಡು ಚಳಿಗಾಲ ಕಳೆದ ಮೇಲೆ ಕಾಕಾ ಹೋದರು. ಕಾಕು ಆ ಡಿವಿಡಿಯನ್ನು ನನಗೆ ಕೊಟ್ಟರು. ಮೊದಲು ಫೋನ್ ಮಾಡಿದವರು ಯಾರು ಎಂದು ನಾನೂ ತಮ್ಮನೂ ಇವತ್ತಿಗೂ ವಾದಿಸುತ್ತೇವೆ. ಅದನ್ನು ಇನ್ನು ಸಾಬೀತು ಮಾಡುವ ದಾರಿಯಿಲ್ಲ. ಶಿರಸ್ತ್ರಾಣ ತೆಗೆದವನು ಅಣ್ಣನೋ ತಮ್ಮನೋ ಎಂಬುದನ್ನು ಮಾತ್ರ ಪರೀಕ್ಷಿಸಬಹುದಿತ್ತು. ಆಫೀಸಿನ ಚೀನೀ ಗೆಳೆಯನೊಬ್ಬನನ್ನು ಮನೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಇಡೀ ಸಿನಿಮಾವನ್ನು ಮಾತು ಮಾತಿಗೂ ಅರ್ಥ ಕೇಳುತ್ತ ನೋಡಿದೆ. ಅನುಮಾನಕ್ಕೆ ಎಡೆಯಿಲ್ಲದಂತೆ ಕೊನೆಯ ಭಾಗವನ್ನು ಎರಡು ಸಲ ಹಾಕಿಸಿದೆ. ಆ ರಾಜನಿಗೆ ಇದ್ದವನು ಒಬ್ಬನೇ ಮಗ. ಹಿಮದಲ್ಲಿ ಅವನೆದುರು ಶಿರಸ್ತ್ರಾಣ ತೆಗೆದು ನಿಂತವನು ಅವನ ಕಾಕಾ.