ನಾಲಿಗೆಗೆ ಎರಡು ದಿನ ರಜೆ

ನನ್ನ ನಾಲಿಗೆ ಸಾಮಾನ್ಯ ನಾಲಿಗೆಯಲ್ಲ! ಚಹಾ ಕಂಪನಿಯೊಂದು ತಿಂಗಳು ತಿಂಗಳು ಅದಕ್ಕೆ ಸಂಬಳ ಕೊಡುತ್ತದೆ. ನಾನು ಅದನ್ನು ಆಫೀಸಿಗೆ ಕರೆದೊಯ್ದು ಕರೆತರುವವನು ಅಷ್ಟೆ. ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದೇ ಚಮಚ ಚಹಾ ಎತ್ತಿ 'ಸುರ್ರ್' ಎಂದು ಹೀರಬೇಕು, ಬಾಯಲ್ಲೆಲ್ಲ ಮೆರವಣಿಗೆ ಮಾಡಿಸಬೇಕು, ದೂರದ ಪಾತ್ರೆಗೆ ಗುರಿಯಿಟ್ಟು ಉಗುಳಬೇಕು, ಆಮೇಲೆ ತೀರ್ಪು ಕೊಡಬೇಕು. ತೊಂದರೆಯೆಂದರೆ, ನಾನು ಮನೆಗೆ ಬಂದ ಮೇಲೂ ಈ ನ್ಯಾಯಾಲಯ ಬಾಗಿಲು ಮುಚ್ಚುವುದಿಲ್ಲ.

"ಮದುವೆಯಾದಾಗಿನಿಂದ ಒಂದು ದಿನವಾದ್ರೂ ನನ್ನ ಟೀನ 'ಚೆನ್ನಾಗಿದೆ' ಅಂತ ಸುಮ್ನೆ ಕುಡಿದಿದ್ದೀರೇನ್ರೀ?" ಎಂದಳು ನನ್ನಾಕೆ, ಸೂಟ್‌ಕೇಸಿಗೆ ಬಟ್ಟೆ ತುಂಬುತ್ತ. ಸರೋವರದ ದಂಡೆಯ ದ್ರಾಕ್ಷಿ ತೋಟಗಳ ಊರಿಗೆ ನಾವಿಬ್ಬರೇ ಹೊರಟಿದ್ದೆವು. "ಅಲ್ಲಿ ಎಲ್ಲೆಲ್ಲೂ ವೈನು. ಗ್ಲಾಸಿಗೊಂದು ಪ್ರವಚನ ಕೇಳ್ಬೇಕಾದ್ರೆ ನಾನು ಬರಲ್ಲ."

"ಎರಡು ದಿನ ರುಚಿ ಬಗ್ಗೆ ತುಟಿ ಪಿಟಕ್ ಅಂದ್ರೆ ಕೇಳು! ಆದ್ರೆ ನೀನೂ ನನ್ನ ಡ್ರೈವಿಂಗ್ ಬಗ್ಗೆ ಮಾತಾಡ್ಬಾರ್ದು."

ನನ್ನಾಕೆ ಡ್ರೈವಿಂಗ್ ಸ್ಕೂಲಿನ ಮೇಡಂ. ಆ ಷರತ್ತು ಅವಳಿಗೂ ಸುಲಭದ್ದಲ್ಲ.

"ಸರಿ. ಮೊದಲು ಬಾಯಿ ಬಿಟ್ಟವರು ಒಂದು ವರ್ಷ ಬೆಳಗಿನ ಟೀ ಮಾಡ್ಬೇಕು."

"ಹೊಗಳಿದ್ರೂನಾ?"

"ಹೊಗಳೋದೂ ತೀರ್ಪೇ ಅಲ್ವಾ? ನಿಮ್ಮ ಬಾಯಿಂದ ನಾನಿನ್ನೂ ಅದನ್ನ ಕೇಳಿಲ್ಲ ಅಷ್ಟೆ."

ಬೆಳಗಿನ ನಿದ್ದೆಯೆಂದರೆ ನನಗೆ ಪ್ರಾಣ. ಅದನ್ನೇ ಪಣಕ್ಕಿಟ್ಟು ಸ್ಟಿಯರಿಂಗ್ ಹಿಡಿದೆ.

ದಾರಿಯುದ್ದಕ್ಕೂ ಅವಳು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಮುದ್ದೆಯಾಯಿತು. ಬಾಯಿ ಮಾತ್ರ ಬಿಡಲಿಲ್ಲ. ತಿರುವಿನಲ್ಲಿ ಒಂದು ಕೋಳಿ ಅಡ್ಡ ಬಂದಾಗ "ಅಯ್ಯೋ, ನೋಡ್ಕೊಂಡು!" ಎಂದು ಕಿರುಚಿದಳು.

"ನೀನು ಸೋತೆ!" ಎಂದೆ.

"ಕೋಳಿಗೆ ಹೇಳಿದ್ದು," ಎಂದಳು.

ವೈನ್ ರುಚಿ ನೋಡುವ ಕೋಣೆ ಬಲು ಗಂಭೀರವಾಗಿತ್ತು. ಕಿಟಕಿಯಾಚೆ ಸರೋವರ, ಒಳಗೆ ಉದ್ದನೆಯ ಮರದ ಮೇಜು, ಸುತ್ತಲೂ ಪಿಸುಗುಡುವ ಜೋಡಿಗಳು. ತೋಟದ ಒಡತಿ, ನರೆಗೂದಲ ಅಜ್ಜಿ, ತಾವೇ ಬಾಟಲಿ ಹಿಡಿದು ಎಲ್ಲರಿಗೂ ಸುರಿಯುತ್ತಿದ್ದರು. ಉಗುಳುವವರಿಗೆಂದು ಮೇಜಿನ ಆ ತುದಿಯಲ್ಲೊಂದು ಸ್ಟೀಲ್ ಬಕೆಟ್ಟು. ಬೇಕಾದವರು ಅದನ್ನು ಹತ್ತಿರ ಎಳೆದುಕೊಂಡು, ನಾಚಿಕೊಂಡು ಉಗುಳುತ್ತಿದ್ದರು.

ಮೊದಲ ಗುಟುಕು ಬಾಯಿಗೆ ಬಿದ್ದದ್ದೇ ತಡ, ನಾಲಿಗೆ ಡ್ಯೂಟಿಗೆ ಹಾಜರ್! ಟೈರಿನ ಗಾಳಿ ಬಿಟ್ಟಂತೆ 'ಸುರ್ರ್ರ್ರ್!' ಇಡೀ ಕೋಣೆ ತಿರುಗಿ ನೋಡಿತು. ಗಾಬರಿಯಲ್ಲಿ, ಕೂತಲ್ಲಿಂದಲೇ ಆ ತುದಿಯ ಬಕೆಟ್ಟಿಗೆ ಗುರಿಯಿಟ್ಟು ಉಗುಳಿಬಿಟ್ಟೆ. ವೈನು ಇಬ್ಬರು ಮಹನೀಯರ ಮೂಗಿನ ಮುಂದೆ ಹಾದು ಠಣ್ಣೆಂದು ಬಕೆಟ್ಟಿನ ನಟ್ಟನಡುವೆ ಬಿತ್ತು. ಒಂದೇ ಒಂದು ಹನಿ ಆಚೀಚೆ ಇಲ್ಲ!

ಅಜ್ಜಿ ಬಾಟಲಿ ಕೆಳಗಿಟ್ಟು ನನ್ನ ಹತ್ತಿರ ಬಂದರು. "ಸಾರ್... ತಾವು ಇದೇ ಕೆಲಸದಲ್ಲಿರೋರಾ?"

"ಹೌದಮ್ಮಾ, ದೊಡ್ಡ ಕಂಪನಿಗೆ ರುಚಿ ನೋಡೋರು," ಎಂದಳು ನನ್ನಾಕೆ ಜೇನು ಸುರಿಸುತ್ತ. "ಹೇಗಿದೆ ಅಂತ ಕೇಳಿ. ಹೇಳೋ ತನಕ ಬಿಡ್ಬೇಡಿ." ಯಾವ ಕಂಪನಿ ಎಂದು ಮಾತ್ರ ಹೇಳಲಿಲ್ಲ, ಮಹಾತಾಯಿ!

"ಹೇಗಿದೆ ಸಾರ್?"

ತುಟಿ ಬಿಗಿದುಕೊಂಡು ಹುಬ್ಬು ಮಾತ್ರ ಏರಿಸಿದೆ. 'ಇಷ್ಟೇನಾ?' ಎಂದೆನೆಂದು ಅಜ್ಜಿ ತಿಳಿದರು. ಓಡಿಹೋಗಿ ಅದಕ್ಕಿಂತ ಹಳೆಯ ಬಾಟಲಿ ತಂದರು. ಸುರ್ರ್, ಠಣ್, ಹುಬ್ಬು! ಇನ್ನೂ ಹಳೆಯದು ಬಂತು. ಅದಕ್ಕೂ ಹುಬ್ಬೇ. ಅಷ್ಟು ಹೊತ್ತು 'ಆಹಾ' ಎನ್ನುತ್ತಿದ್ದ ಬೊಜ್ಜಿನ ಮಹನೀಯರು ಗ್ಲಾಸು ಕೆಳಗಿಟ್ಟು, "ನನಗೂ ಆಗಿಂದ ಏನೋ ಒಂಥರಾ ಅನ್ನಿಸ್ತಿತ್ತು" ಎಂದರು. ಪೆಟ್ಟಿಗೆಗಟ್ಟಲೆ ವೈನು ಬೇಕೆಂದಿದ್ದ ಇನ್ನೊಬ್ಬರು, "ನಮ್ದು ಈಗಲೇ ಪ್ಯಾಕ್ ಮಾಡ್ಬೇಡಿ" ಎಂದರು. ನನ್ನ ಒಂದು ಜೊತೆ ಹುಬ್ಬು ಇಡೀ ತೋಟವನ್ನು ಮುಳುಗಿಸುತ್ತಿತ್ತು!

ಕೊನೆಗೆ ಅಜ್ಜಿ ನೆಲಮಾಳಿಗೆಯಿಂದ ದೂಳು ಮೆತ್ತಿದ ಬಾಟಲಿಯೊಂದನ್ನು ಎದೆಗವಚಿಕೊಂಡು ಬಂದರು. "ನಮ್ಮ ಯಜಮಾನರು ಕಡೇದಾಗಿ ಮಾಡಿಟ್ಟು ಹೋಗಿದ್ದು. ಇದುವರೆಗೂ ಯಾರಿಗೂ ಕೊಟ್ಟಿಲ್ಲ."

ಹೀರಿದೆ. ಉಗುಳುವುದೇ ಮರೆತುಹೋಯಿತು! ನುಂಗಿಬಿಟ್ಟೆ. ಆದರೂ ವರ್ಷಪೂರ್ತಿಯ ಬೆಳಗಿನ ನಿದ್ದೆ ಕಣ್ಣ ಮುಂದೆ ಬಂದು ಬಾಯಿಗೆ ಬೀಗ ಹಾಕಿತು.

ಅಜ್ಜಿಯ ಕಣ್ಣು ತುಂಬಿತು. "ಅಷ್ಟು ಕೆಟ್ಟದಾಗಿದೆಯಾ ಸಾರ್?"

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಿದ್ದೆ ಹಾಳಾಗಿ ಹೋಗಲಿ! ಎದ್ದು ನಿಂತೆ.

"ಅದ್ಭುತ ಅಮ್ಮಾ, ಅದ್ಭುತ! ಎಂಥಾ ಎಲೆ! ಬಾಡಿಸಿರೋದು ಹದ, ಒಣಗಿಸಿರೋದು ಹದ! ಇದಕ್ಕೆ ಒಂಚೂರು ಬಿಸಿ ಹಾಲು ಬಿದ್ರೆ ಎಂಥಾ ಬಣ್ಣ ಬರುತ್ತೆ ಅಂತೀರಿ!"

"ಹಾಲಾ?" ಎಂದರು ಅಜ್ಜಿ. "ಯಾವ ಕಂಪನಿ ಅಂದ್ರಿ ಸಾರ್?"

"ಟೀ ಕಂಪನಿ," ಎಂದಳು ನನ್ನಾಕೆ.

ಅಜ್ಜಿ ಮೇಜು ಹಿಡಿದುಕೊಂಡು ನಕ್ಕರು. ಪೆಟ್ಟಿಗೆಯವರು ಪ್ಯಾಕ್ ಮಾಡಿ ಎಂದರು. ಬೊಜ್ಜಿನವರು ಯಾರೂ ಕೇಳದಿದ್ದರೂ, "ಮೊದಲಿಂದಲೂ ನನಗಂತೂ ಚೆನ್ನಾಗೇ ಅನ್ನಿಸಿತ್ತು" ಎಂದು ಘೋಷಿಸಿದರು. ನನ್ನಾಕೆ ಮಾತ್ರ ಲೋಟದಲ್ಲಿ ಚಮಚ ತಿರುಗಿಸುವಂತೆ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದಳು.

ಮರುದಿನ ಬೆಳಿಗ್ಗೆ ಹೋಟೆಲ್ ಕೋಣೆಯಲ್ಲಿ ನನ್ನ ಶಿಕ್ಷೆ ಶುರುವಾಯಿತು. ಇಷ್ಟು ವರ್ಷ ಚಹಾದ ಜಾತಕ ಬರೆದವನು ನಾನು; ಸ್ವತಃ ಮಾಡಿದ್ದು ಅದೇ ಮೊದಲು! ಕೈ ಸುಟ್ಟುಕೊಂಡು, ಸಕ್ಕರೆ ಚೆಲ್ಲಿಕೊಂಡು, ಅಂತೂ ಒಂದು ಲೋಟ ಮಾಡಿ, ಹಾಸಿಗೆಯ ಪಕ್ಕ ಕೈಕಟ್ಟಿ ನಿಂತೆ. 'ಚೆನ್ನಾಗಿದೆ' ಎಂಬ ಒಂದು ಮಾತಿಗಾಗಿ ಮನಸ್ಸು ಹಾತೊರೆಯುತ್ತಿತ್ತು.

ನನ್ನಾಕೆ ಎದ್ದು ಕೂತಳು. 'ಸುರ್ರ್!' ಎಂದು ಹೀರಿದಳು. ಬಾಯಲ್ಲೆಲ್ಲ ಮೆರವಣಿಗೆ ಮಾಡಿಸಿದಳು. ಎದ್ದು ಹೋಗಿ ವಾಶ್‌ಬೇಸಿನ್ನಿಗೆ ಉಗುಳಿದಳು. ಆಮೇಲೆ ನನ್ನ ಕಡೆ ತಿರುಗಿ ಹುಬ್ಬು ಏರಿಸಿದಳು.

"ಅಷ್ಟು ಕೆಟ್ಟದಾಗಿದೆಯೇನೇ?" ಎಂದೆ.

"ಪರವಾಗಿಲ್ಲ," ಎಂದಳು. "ಒಂಚೂರು ಹಾಲು ಬಿದ್ರೆ ಬಣ್ಣ ಬರುತ್ತೆ."

ಹಾಲು ನಾನು ಆಗಲೇ ಹಾಕಿದ್ದೆ!