ಮಿರ್ಚಿ ತಿಂದವರ ಬಹುಮತ

ಗಣಿತ ಮೇಷ್ಟರ ಮನೆಯಲ್ಲಿ ಹುಟ್ಟುವ ಮಕ್ಕಳ ಬಗ್ಗೆ ಸಮಾಜಕ್ಕೆ ಇನ್ನಷ್ಟು ಕನಿಕರವಿರಬೇಕಿತ್ತು. ಬೇರೆ ಮನೆಯ ಮಕ್ಕಳು ಹೋಳಿಗೆಯನ್ನು ಸುಮ್ಮನೆ ತಿಂದರೆ, ನಮ್ಮ ಮನೆಯ ಮಗು ಮೊದಲು ಅದರ ಕಾಲುಭಾಗ ತೋರಿಸಿ, ಉಳಿದದ್ದೆಷ್ಟೆಂದು ಹೇಳಿ, ಆಮೇಲೆ ಬಾಯಿಗಿಡಬೇಕಿತ್ತು. ನಾನು ಕುರುಗೋಡಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ, ಮನೆ ಬಳ್ಳಾರಿಯಲ್ಲಿ. ಕುರುಗೋಡಿನ ಗುಡ್ಡ ಕಂಡರೆ ಬಸ್ಸಿನಲ್ಲಿದ್ದವರು ಕೈಮುಗಿಯುತ್ತಾರೆ. ನಾನು ಅದರ ಎತ್ತರ ಕಂಡುಹಿಡಿಯುವ ಯೋಚನೆಗೆ ಬೀಳುತ್ತೇನೆ. ಇಂಥವನ ಒಬ್ಬಳೇ ಮಗಳು ಸುಮಂಗಲಾ ಪಿಯುಸಿ ಮುಗಿಸಿ, ಬಿ.ಎಸ್ಸಿ.ಗೆ ಸೀಟು ಹಿಡಿದು, ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಾ, 'ಅಪ್ಪಾ, ನಾ ಮೇನ್ ಸಬ್ಜೆಕ್ಟ್ ಸ್ಟ್ಯಾಟಿಸ್ಟಿಕ್ಸ್ ತಗೋತೀನಿ. ಮ್ಯಾಥ್ಸ್ ಬ್ಯಾಡ' ಎಂದಳು.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಸಂಖ್ಯಾಶಾಸ್ತ್ರವೆಂದರೆ ಗಣಿತದ ದಾಯಾದಿ. ಹೊಲ ಒಂದೇ, ಒಲೆ ಬೇರೆ. ಗಣಿತದಲ್ಲಿ ಉತ್ತರ ಇರುತ್ತದೆ, ಅದರಲ್ಲಿ 'ಬಹುಶಃ' ಇರುತ್ತದೆ. ಉತ್ತರದ ಮುಂದೆ 'ಸುಮಾರು' ಎಂದು ಬರೆದ ಹುಡುಗರ ಮಾರ್ಕು ಕತ್ತರಿಸುತ್ತಲೇ ತಲೆ ನೆರೆಸಿಕೊಂಡವನ ಮಗಳು ಜೀವನವಿಡೀ ಸುಮಾರು ಎನ್ನುತ್ತಾ ಕೂರುವುದೇ? ಇದನ್ನೆಲ್ಲ ಹೆಂಡತಿಯ ಮುಂದೆ ತೋಡಿಕೊಂಡೆ. 'ಓದಾಕಿ ಅಕಿ. ಜ್ವರ ನಿಮಗ್ಯಾಕ ಬಂದೈತಿ?' ಎಂದು ಅವಳು ಪಲ್ಯ ಬಡಿಸಿದಳು.

ಕಾಲೇಜಿನವರು ಸೋಮವಾರ ವಿಷಯ ತಿಳಿಸಬೇಕೆಂದಿದ್ದರು. ನಾನು ಗಂಭೀರವಾಗಿ ಒಂದು ಸಲಹೆ ಮುಂದಿಟ್ಟೆ. ನಾನೊಬ್ಬನೇ ಹೇಳಿದರೆ ಪಕ್ಷಪಾತವೆನ್ನುತ್ತೀ, ನಾಲ್ಕು ಜನ ತಿಳಿದವರನ್ನು ಕೇಳುತ್ತೇನೆ, ಅವರೆಂದಂತೆ ಆಗಲಿ ಎಂದೆ. ಮಗಳು ತಕ್ಷಣ ಒಪ್ಪಿದಳು. ಅಷ್ಟು ಬೇಗ ಒಪ್ಪಿದ್ದರ ಬಗ್ಗೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ನಮ್ಮ ಕಡೆ ಸಲಹೆ ಕೇಳುವುದಕ್ಕೂ ಒಂದು ಪದ್ಧತಿಯಿದೆ. ನಿಂತಲ್ಲೇ ಕೇಳಿದರೆ ಕೇಳಿಸಿಕೊಂಡವರಿಗೆ ಅವಮಾನ. ಕರೆದುಕೊಂಡು ಹೋಗಿ, ಕೂಡಿಸಿ, ಮಂಡಕ್ಕಿಯ ಮಂಡಾಳು ಒಗ್ಗರಣೆ ತರಿಸಿ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಇಡಿಸಿ, ಆಮೇಲೆ ಬಾಯಿ ತೆರೆಯಬೇಕು. ಕುರುಗೋಡಿನ ಹೋಟೆಲಿಗೆ ಮೊದಲು ನಮ್ಮ ಡ್ರಾಯಿಂಗ್ ಮೇಷ್ಟರು ಖಾದರ್ ಸಾಹೇಬರನ್ನು ಕರೆದೊಯ್ದೆ. 'ಸಾಹೇಬ್ರ, ಇಷ್ಟು ಛಂದ ಗಣಿತ ಇರೂವಾಗ, ಯಾರರ ಆ ಅಂದಾಜಿನ ವಿದ್ಯಾ ಓದ್ತಾರೇನ್ರಿ?' ಎಂದು, ನನ್ನ ಮಟ್ಟಿಗೆ ಅತ್ಯಂತ ನಿಷ್ಪಕ್ಷಪಾತವಾಗಿ, ಕೇಳಿದೆ. ಸಾಹೇಬರು ಮಿರ್ಚಿಯ ತೊಟ್ಟು ಹಿಡಿದು ಕಣ್ಣು ಮುಚ್ಚಿ, 'ಬಿಲ್ಕುಲ್ ಇಲ್ರಿ ಸರ್. ಗಣಿತ ಅಂದ್ರ ಗಣಿತಾನ' ಎಂದರು. ಇನ್ನೊಂದು ಪ್ಲೇಟು ಬಂದ ಮೇಲೆ, ಗಣಿತವಿಲ್ಲದೆ ಚಿತ್ರಕಲೆಯೇ ಇಲ್ಲ ಎಂದೂ ಸೇರಿಸಿದರು. ಹೆಡ್‌ಮಾಸ್ಟರು, ಗುಮಾಸ್ತರು, ಪಿ.ಟಿ. ಮೇಷ್ಟರು, ಎಲ್ಲರದೂ ಅದೇ ಮಾತು. ಮೋಕಾ ಊರಿನಿಂದ ಬರುವ ವಿಜ್ಞಾನದ ಮೇಡಂ ಒಬ್ಬರು ಮಾತ್ರ ಎಣ್ಣೆ ಪದಾರ್ಥ ಬಿಟ್ಟವರು; ಏನನ್ನೂ ಮುಟ್ಟದೆ, 'ಹುಡುಗೀನ ಕೇಳ್ರಿ' ಎಂದುಬಿಟ್ಟರು. ಅವರನ್ನು ನಾನು ಎಣಿಕೆಯಿಂದ ಕೈಬಿಟ್ಟೆ.

ಶನಿವಾರ ಗೆದ್ದ ಅಭ್ಯರ್ಥಿಯಂತೆ ಮನೆಗೆ ಬಂದೆ. ಮಗಳು ಎಲ್ಲ ಕೇಳಿಸಿಕೊಂಡು, 'ಎಲ್ಲಿ ಕೇಳಿದಿ?' ಎಂದಳು.

'ಹೋಟೆಲ್‌ನ್ಯಾಗ.'

'ಏನು ತಿಂದ್ರು?'

'ಒಗ್ಗರಣಿ, ಮಿರ್ಚಿ.'

'ಮಿರ್ಚಿ ತಿನ್ನದವರು ಯಾರರ ಇದ್ರೇನು?'

ನಾನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ. 'ಅಪ್ಪಾ, ನೀ ಮಾಡಿದ್ದು ಸ್ಟ್ಯಾಟಿಸ್ಟಿಕ್ಸ. ಆದ್ರ ಭಾಳ ಕೆಟ್ಟ ಮಾಡೀದಿ. ಅವರು ಹೂಂ ಅಂದಿದ್ದು ಮಿರ್ಚಿಗೆ' ಎಂದಳು. ಅಡುಗೆಮನೆಯಿಂದ ನಗು ಕೇಳಿಸಿತು. ಓದಿದವರು ಬಜ್ಜಿಗೆ ಅಭಿಪ್ರಾಯ ಮಾರಿಕೊಳ್ಳುವುದಿಲ್ಲ ಎಂದು ನಾನು ಸಣ್ಣ ಭಾಷಣ ಮಾಡಿದೆ.

ಭಾನುವಾರ ಮೂವರೂ ಸಿರುಗುಪ್ಪದ ಅತ್ತೆಯ ಮನೆಗೆ ಹೋದೆವು. ನಮ್ಮತ್ತೆಯದು ಮಾತು ಸಣ್ಣದು, ಬಾಣಲೆ ದೊಡ್ಡದು. ಎಣ್ಣೆಯಿಂದೆತ್ತಿದ ಮಿರ್ಚಿ ನೇರ ನನ್ನ ತಟ್ಟೆಗೆ ಬಿತ್ತು. 'ತಗೋರಿ ಮಾಸ್ತರ. ಹುಡುಗಿ ಅದೇನೋ ಓದ್ತೀನಿ ಅಂತಾಳ. ಛಲೋನ ಅಲ್ರಿ?' ಎಂದರು. ಒಳಗೆ ಹುಣಸೆಹುಳಿ, ಓಮ, ಹೊರಗೆ ಗರಿಗರಿ. ಬಾಯಿ ತುಂಬ ಬಿಸಿಯಿದ್ದುದರಿಂದ 'ಹೂಂ' ಎಂದೆ. ಮುಂದಿನದಕ್ಕೆ 'ಛಲೋನ' ಎಂದೆ. ಅದರ ಮುಂದಿನದು ಮುಗಿಯುವಷ್ಟರಲ್ಲಿ, ಪಕ್ಕದ ದೇಶನೂರಿನ ಭತ್ತದ ಇಳುವರಿಯಿಂದ ಹಿಡಿದು ಚುನಾವಣೆಯವರೆಗೆ ಸಂಖ್ಯಾಶಾಸ್ತ್ರವಿಲ್ಲದೆ ಲೋಕವೇ ನಡೆಯದು ಎಂದು ನಾನೇ ಅತ್ತೆಗೆ ಬಿಡಿಸಿ ಹೇಳುತ್ತಿದ್ದೆ. ತಿರುಗಿ ನೋಡಿದರೆ ಮಗಳು ಬಾಗಿಲ ಚೌಕಟ್ಟು ಹಿಡಿದು, ನಕ್ಕು ನಕ್ಕು ನೆಲಕ್ಕೆ ಕುಸಿದಿದ್ದಳು. ಬೆಳಿಗ್ಗೆಯೇ ಅಜ್ಜಿಗೆ ಫೋನು ಮಾಡಿ ಬಾಣಲೆ ಇಡಿಸಿದ್ದಳಂತೆ. ನನಗೂ ನಗು ಬಂತು, ಖಾರ ನೆತ್ತಿಗೇರಿತು, ಅತ್ತೆ ತಲೆ ತಟ್ಟಿ ನೀರು ಕುಡಿಸಬೇಕಾಯಿತು.

ಅಷ್ಟಕ್ಕೇ ಗೆದ್ದೆನೆಂದು ಅವಳು ಕಾಲೇಜಿಗೆ ಹೋಗಿ ಹೇಳಿಬಿಡಬಹುದಿತ್ತು. ಸೋಮವಾರ ಬೆಳಿಗ್ಗೆ ನಾನಿನ್ನೂ ಚಹಾ ಕುಡಿಯುವ ಮೊದಲೇ ಎದುರು ಬಂದು ಕುಳಿತಳು. 'ನಿನ್ನೆ ಹೂಂ ಅಂದಿದ್ದು ನಾ ಹಿಡಿಯಂಗಿಲ್ಲ. ಈಗ ಖಾಲಿ ಹೊಟ್ಟಿಲೆ ಖರೇ ಹೇಳು. ಯಾಕ ಬ್ಯಾಡ ಅಂದಿ?'

ಭಾಷಣಕ್ಕೆ ಬೇಕಾದ ಬಲ ಖಾಲಿ ಹೊಟ್ಟೆಯಲ್ಲಿರಲಿಲ್ಲ. 'ನನಗ ಅದು ಬರಂಗಿಲ್ಲವ್ವ. ಸಣ್ಣಾಕಿದ್ದಾಗಿಂದ ಲೆಕ್ಕ ತಿಳೀಲಿಲ್ಲ ಅಂದ್ರ ನನ್ನ ಹತ್ರ ಬರ್ತಿದ್ದಿ. ಇನ್ನ ಬಂದ್ರೂ ನನಗ ಹೇಳಾಕ ಬರಂಗಿಲ್ಲ' ಎಂದೆ. ಹೇಳಿದ ಮೇಲೆ, ಇಷ್ಟು ದಿನ ನಾನು ಹೆದರುತ್ತಿದ್ದುದು ಇದಕ್ಕೇ ಎಂದು ನನಗೂ ಗೊತ್ತಾಯಿತು.

ಅವಳು ಇನ್ನಷ್ಟು ಹತ್ತಿರ ಸರಿದಳು. 'ನೋಡಪ್ಪಾ, ಒಬ್ಬರ ಮಾತು ಕೇಳಿ ಏನೂ ತೀರ್ಮಾನ ಮಾಡಬಾರದು ಅಂತ ಈ ಸಬ್ಜೆಕ್ಟ್‌ನ್ಯಾಗ ಮೊದಲ ಹೇಳ್ತಾರ. ಆದ್ರ ನನಗ ನಿಂದೊಂದ ಮಾತು ಬೇಕು.'

'ತಗೋ ಹೋಗು' ಎಂದೆ. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂದು ಲೋಟ ಖಾಲಿಯಾದ ಮೇಲೆ ಹೆಂಡತಿಯೇ ಹೇಳಬೇಕಾಯಿತು.

ಮರುದಿನ ಕುರುಗೋಡಿನ ಹೋಟೆಲಿನಲ್ಲಿ ಖಾದರ್ ಸಾಹೇಬರು, ಮಗಳದು ಏನಾಯಿತೆಂದು ವಿಚಾರಿಸಿದರು. 'ಸ್ಟ್ಯಾಟಿಸ್ಟಿಕ್ಸ್ ಕೊಡಸಿದೆ. ಮೊದಲಿಂದ ನಾ ಅದನ್ನ ಹೇಳ್ತಿದ್ದೆ ಅಲ್ರಿ?' ಎಂದೆ. ಸಾಹೇಬರು ಒಂದು ಕ್ಷಣ ನನ್ನನ್ನೂ ಮತ್ತೊಂದು ಕ್ಷಣ ಆಗತಾನೆ ಬಂದ ಪ್ಲೇಟನ್ನೂ ನೋಡಿ, 'ಹೌದ್ರಿ ಸರ್, ಅವತ್ತ ಇಲ್ಲೇ ಕುಂತು ಹೇಳಿದ್ರಿ' ಎಂದರು.